ಮರಿಗಳಿಗೆ ಹಾಕಿದ ಹಸಿ ಕರುಳು

ತಮ್ಮ ಆ ಎರಡು ನಾಯಿಮರಿಗಳನ್ನು ತಂದಿದ್ದು ಗೊಬ್ಬರದ ಚೀಲದಲ್ಲಿ. ಚೀಲದ ಬಾಯಿ ಅರ್ಧ ಬಿಟ್ಟು, ಬೈಕಿನ ಟ್ಯಾಂಕಿನ ಮೇಲೆ ತನ್ನ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಕೋಟೆ ಪಟ್ಟಣದಿಂದ ನಮ್ಮೂರು ಅಂತರಸಂತೆಯವರೆಗೂ ಬಂದಿದ್ದ. ಅಂಗಳದಲ್ಲಿ ಚೀಲ ಒರಗಿಸಿದಾಗ ಒಂದು ಕಪ್ಪು ಮರಿ, ಒಂದು ಕೆಂಚು ಮರಿ ಹೊರಗೆ ಉರುಳಿದವು. ಕಪ್ಪು ಮರಿ ಹೆಣ್ಣು. ಬಿದ್ದಲ್ಲಿಂದ ಎದ್ದು ನೇರ ನನ್ನ ಹತ್ತಿರ ಬಂದು ಸೀರೆಯ ಅಂಚು ಕಚ್ಚಿ ಎಳೆಯಿತು. ಕೆಂಚು ಗಂಡು ಮರಿ ಸುತ್ತ ನೋಡಿ, ಚೀಲದೊಳಕ್ಕೇ ವಾಪಸ್ಸು ಹೋಗಿ ಕೂತಿತು.

"ಇದು ನಿನ್ನಂಗೆ ಕಣಕ್ಕ. ಬಂದೇಟ್ಗೇ ಜಗಳ" ಅಂದ ತಮ್ಮ.

"ಅದು ನಿನ್ನಂಗೆ. ಈಚೆ ಬರಕ್ಕೂ ಇನ್ನೊಬ್ರು ಕೈ ಹಿಡೀಬೇಕು" ಅಂದೆ.

ಅದು ಸುಮ್ಮನೆ ಆಡಿದ ಮಾತಾದರೂ ಪೂರ್ತಿ ಸುಳ್ಳಲ್ಲ. ಅವನನ್ನು ಹೆತ್ತ ಮೇಲೆ ನಮ್ಮಮ್ಮ ಹಾಸಿಗೆ ಬಿಟ್ಟು ಸರಿಯಾಗಿ ಏಳಲಿಲ್ಲ. ನಾನಾಗ ಐದನೇ ಕ್ಲಾಸು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕಿತ್ತು, ನಾನು ಉಳಿದುಕೊಂಡೆ. ಅವನಿಗೆ ರಾಗಿ ಸರಿ ಕಾಯಿಸಿ ಕುಡಿಸಿದ್ದು, ನಡೆಯಲು ಕಲಿಸಿದ್ದು, ಆಮೇಲೆ ಸ್ಕೂಲಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ನಾನು ಮಾತ್ರ ಹಿಂದಕ್ಕೆ ಬರುತ್ತಿದ್ದದ್ದು, ಎಲ್ಲ ನಾನೇ. ಅವನು ಪಿಯುಸಿವರೆಗೆ ಓದಿದ. ಈಗ ಕಾಕನಕೋಟೆ ಕಾಡಿನಲ್ಲಿ ದಿನಗೂಲಿಯ ವಾಚರ್. ಕಾಡಿನೊಳಗಿನ ಕ್ಯಾಂಪಿನಲ್ಲೇ ಇರುತ್ತಾನೆ, ರಜೆ ಸಿಕ್ಕಾಗ ಬರುತ್ತಾನೆ. ಆನೆ ಹುಲಿಯ ನಡುವೆ ಕೆಲಸ ಅಂತ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ, ಹಾಗಾಗಿ ಅವನಿಗೆ ಮನೆ ಅಂದರೆ ನಮ್ಮ ಮನೆಯೇ.

ನನ್ನ ಯಜಮಾನರದ್ದು ಸಂತೆಮಾಳದ ಪಕ್ಕದಲ್ಲಿ ಕೋಳಿ ಅಂಗಡಿ. ಬೆಳಿಗ್ಗೆ ನಾನೂ ಹೋಗಿ ನಿಲ್ಲುತ್ತೇನೆ, ಪುಕ್ಕ ತೆಗೆಯುವುದು, ತೊಳೆಯುವುದು ನನ್ನ ಕೆಲಸ. ಮನೆ ಊರಿನಿಂದ ಸ್ವಲ್ಪ ಆಚೆಗಿದೆ. ಹಿಂದೆ ನಮ್ಮ ಜೋಳದ ಹೊಲ, ಹೊಲದ ಆಚೆ ಆನೆ ಕಂದಕ, ಕಂದಕದ ಆಚೆ ಕಾಡು.

ಮರಿಗಳನ್ನು ಬಿಟ್ಟು ಹೊರಡುವಾಗ ಅವನು ಬೈಕ್ ಮೇಲೆ ಕೂತು, ಮತ್ತೆ ಇಳಿದು ಬಂದ.

"ಅಕ್ಕ, ಇವುಕ್ಕೆ ಅಂಗಡಿ ಮಾಲು ಹಾಕ್ಬ್ಯಾಡ. ಬೇಯ್ಸಿ ವಸಿ ಕೊಟ್ರೆ ಕೊಡು. ಹಸಿದು ಮಾತ್ರ ಬ್ಯಾಡ."

"ನಾಯಿ ಹಸಿ ಮಾಂಸ ತಿನ್ದೆ ಪುಳಿಯೋಗರೆ ತಿಂತದಾ?"

"ಹಸಿ ರುಚಿ ಹತ್ತಿದ್ರೆ ಕಂದಕ ದಾಟ್ತವೆ ಕಣಕ್ಕ. ನಾಳೆ ಒಂದು ಜಿಂಕೆ ಮರಿ ಕಚ್ಕೊಂಡು ಬಂದು ನಿನ್ ಬಾಗ್ಲಲ್ಲಿ ಹಾಕುದ್ರೆ? ಕಾಡು ಕಾಯೋನ ಮನೆ ನಾಯೇ ಬ್ಯಾಟೆ ಆಡ್ತದೆ ಅಂತಾರೆ, ನನ್ ಕೆಲ್ಸ ಹೋಯ್ತದೆ. ಮರಿ ಹೊಟ್ಟೆಗೂ ಅದು ಆಗಾಕಿಲ್ಲ. ಅಂಬ್ಲಿ, ಮಜ್ಜಿಗೆ, ಅನ್ನ. ಸಾಕು."

ನಾನು ಹೂಂ ಅಂದೆ. ಆದರೆ ಒಳಗೆ ಏನೋ ಚುಚ್ಚಿದ ಹಾಗಾಯಿತು. ಇವನ ಹೊಟ್ಟೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಕಂಡುಹಿಡಿದವಳು ನಾನು, ಈಗ ಇವನು ನನಗೆ ಹೇಳಿಕೊಡುತ್ತಾನೆ. ಇಷ್ಟೇ. ಇಷ್ಟು ಸಣ್ಣ ಮಾತು. ಈಗ ಯೋಚಿಸಿದರೆ ಎಲ್ಲಕ್ಕೂ ಅದೇ ಮೂಲ ಅನ್ನಿಸುತ್ತದೆ, ಒಂದೊಂದು ಸಲ ಅಲ್ಲ, ಸೋಮಾರಿತನವೇ ಮೂಲ ಅನ್ನಿಸುತ್ತದೆ. ಯಾವುದು ಅಂತ ನನಗೆ ಖಂಡಿತ ಹೇಳಲು ಬರುವುದಿಲ್ಲ.

ಇನ್ನೊಂದು ಕಾರಣವೂ ಇತ್ತು, ಹಂದಿ. ಹಿಂದಿನ ಬೆಳೆಯಲ್ಲಿ ಜೋಳ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಇಳಿದು ಹೊಲದ ಒಂದು ಮೂಲೆಯನ್ನು ಉತ್ತ ಹಾಗೆ ಮಾಡಿ ಹೋಗಿದ್ದವು. ಈ ಸಲ ತೆನೆ ಬರುವ ಹೊತ್ತಿಗೆ ಮರಿಗಳು ಬೊಗಳುವಷ್ಟಾದರೂ ಆಗಬೇಕು ಅಂತ ನನಗೆ ಆತುರ. ಅಂಗಡಿಗೆ ಕೋಳಿ ತಲೆ, ಕಾಲು ಕೊಳ್ಳಲು ಬರುವ ಮುದುಕಪ್ಪ ಒಬ್ಬರಿದ್ದಾರೆ. ಹಿಂದೆ ನಾಯಿ ಕಟ್ಟಿಕೊಂಡು ಹೊಲ ಕಾದವರು. ಅವರಿಗೆ ಮರಿಗಳ ಸುದ್ದಿ ಹೇಳಿದೆ.

"ಏನ್ ಹಾಕ್ತೀಯವ್ವ?" ಅಂದರು.

"ಅಂಬ್ಲಿ ಕಣಪ್ಪ."

"ಅಂಬ್ಲಿ ಕುಡ್ದ ನಾಯಿ ಹಂದಿ ಬಂದ್ರೆ ಪಕ್ಕಕ್ಕೆ ಸರ್ದು ಜಾಗ ಬುಡ್ತದೆ. ಮರೀಲೇ ಹಸೀದು ನೆಕ್ಕುಸ್ಬೇಕು. ಆಗ್ಲೇ ಅದ್ಕೆ ಕೆಚ್ಚು ಬರಾದು. ಕೋಳಿ ಅಂಗ್ಡಿ ಇಟ್ಕೊಂಡು ನಾಯ್ಗೆ ಅಂಬ್ಲಿ ಕುಡ್ಸಾಳ ನಿನ್ನೇ ಕಂಡಿದ್ದು."

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮೊದಲ ಸಲ ಹಾಕಿದ್ದು ಒಂದು ಭಾನುವಾರ. ಅಂಗಡಿಯಲ್ಲಿ ಜನ ಜಾಸ್ತಿ, ಮನೆಯಲ್ಲಿ ಅಂಬಲಿ ಕಾಯಿಸಲು ಹೊತ್ತು ಸಿಕ್ಕಿರಲಿಲ್ಲ. ಬಂದಾಗ ಎರಡೂ ಮರಿ ಹಸಿದು ಕುಂಯ್‌ಗುಡುತ್ತಿದ್ದವು. ಅಂಗಡಿಯ ಬಕೆಟ್ಟು ಗುಂಡಿಗೆ ಸುರಿಯಬೇಕು ಅಂತ ಕೈಯಲ್ಲೇ ಇತ್ತು. ಒಂದು ಹಿಡಿ ಕರುಳು, ಎರಡು ಚೂರು ಚರ್ಮ ಅವುಗಳ ಮುಂದೆ ಎಸೆದೆ. ಕಪ್ಪು ಮರಿ ಒಂದು ಕ್ಷಣ ಮೂಸಿತು, ಆಮೇಲೆ ಮುಂಗಾಲು ಎರಡನ್ನೂ ಅದರ ಮೇಲಿಟ್ಟು ಕೆಂಚು ಮರಿಯ ಕಡೆ ತಿರುಗಿ ಗುರ್ ಅಂತು. ಅದರ ಬಾಯಿಂದ ಆ ಶಬ್ದ ಕೇಳಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಮುದುಕಪ್ಪ ಹೇಳಿದ್ದು ಎಷ್ಟು ಬೇಗ ನಿಜವಾಯಿತು ಅಂದುಕೊಂಡೆ.

ಯಜಮಾನರು ಕಾಲು ತೊಳೆಯುತ್ತ ನೋಡುತ್ತಿದ್ದರು.

"ಏನೇ, ನಿನ್ ತಮ್ಮ ಬ್ಯಾಡ ಅಂದಿದ್ನಲ್ಲ."

"ಅವನ್ಗೇನ್ ಗೊತ್ತು. ಅವನ್ನೇ ಸಾಕ್ದೋಳು ನಾನು."

"ಅವನ್ಗೂ ಕರುಳೇ ತಿನ್ಸಿದ್ದಾ?" ಅಂದು ಒಳಗೆ ಹೋದರು. ಅವರು ಅಷ್ಟೇ, ಒಂದು ಮಾತು ಎಸೆದು ಮರೆತುಬಿಡುವವರು.

ಮರುದಿನ ಅಂಬಲಿ ಇಟ್ಟೆ. ಕಪ್ಪು ಮರಿ ಮೂಸಿ ನೋಡಿ ನನ್ನ ಮುಖ ನೋಡಿತು. ಆ ನೋಟಕ್ಕೆ ಮತ್ತೆ ಹಾಕಿದೆ. ಹಾಗೆ ರೂಢಿಯಾಯಿತು. ನಾನು ಸಂತೆಮಾಳದ ದಾರಿಯಲ್ಲಿ ಬಕೆಟ್ಟು ಹಿಡಿದು ಬರುವುದು ಕಂಡರೆ ಕಪ್ಪು ಮರಿ ಬೇಲಿಯ ಸಂದಿಯಿಂದ ನುಸುಳಿ ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅದಕ್ಕೆ ನಾನು ಬೇಕಾಗಿದ್ದೆ. ಹಾಗೆ ಯಾರಿಗಾದರೂ ಬೇಕಾಗಿ ಬಹಳ ದಿನವಾಗಿತ್ತು. ಮಗಳನ್ನು ಹುಣಸೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ನನ್ನ ದಾರಿ ಕಾಯುವವರು ಇರಲಿಲ್ಲ. ಕೆಂಚು ಮರಿ ಮಾತ್ರ ದೂರ ಕೂತು, ತನ್ನಕ್ಕ ಕಪ್ಪು ಮರಿ ಬಿಟ್ಟ ಎಂಜಲು ನೆಕ್ಕಿ, ಆಮೇಲೆ ನಮ್ಮ ಊಟದ ತಟ್ಟೆಯಲ್ಲಿ ಉಳಿದ ಮುದ್ದೆಯ ಚೂರು ತಿನ್ನುತ್ತಿತ್ತು.

ಬಕೆಟ್ಟು ಅಂಗಡಿಯ ಮೂಲೆಯಲ್ಲಿ ಬೆಳಗಿನಿಂದ ನಿಂತಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಬಿಸಿಲು ಬರುತ್ತಿತ್ತು. ನೊಣ ಕೂರುತ್ತಿತ್ತು. ನಾನು ಮನೆಗೆ ಬರುವಾಗ ಅದಕ್ಕೆ ಒಂದು ವಾಸನೆ ಹತ್ತಿರುತ್ತಿತ್ತು. ಕೋಳಿ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತವಳಿಗೆ ಆ ವಾಸನೆ ವಾಸನೆಯೇ ಅಲ್ಲ. ಗಿರಾಕಿಗೆ ಹಳೇ ಮಾಂಸ ಕೊಡಬಾರದು ಅಂತ ನನಗೆ ಗೊತ್ತು, ಒಂದು ದಿನವೂ ಕೊಟ್ಟವಳಲ್ಲ. ಮರಿಗೆ ಕೊಡುವಾಗ ಆ ಯೋಚನೆ ಬರಲಿಲ್ಲ.

ಹೊಟ್ಟೆ ಕೆಡಲು ಶುರುವಾಗಿದ್ದು ನಿಧಾನಕ್ಕೆ. ಮೊದಲು ಮೆತ್ತಗೆ ಹೋಗುತ್ತಿದ್ದವು. ಆಮೇಲೆ ಕಪ್ಪು ಮರಿಯದ್ದು ಲೋಳೆ ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವ ಹಾಗೆ ನಾರಿತು. ಉಷ್ಣ ಅಂದುಕೊಂಡೆ. ಮೆಂತ್ಯ ನೆನೆಸಿ ಅರೆದು ಮಜ್ಜಿಗೆಯಲ್ಲಿ ಕಲಸಿ ಬಲವಂತವಾಗಿ ಕುಡಿಸಿದೆ, ಎರಡು ಹೊತ್ತು ಕರುಳು ಹಾಕಲಿಲ್ಲ, ಸರಿಹೋಯಿತು. ಸರಿಹೋದ ಮೇಲೆ ಮತ್ತೆ ಹಾಕಿದೆ. ಮತ್ತೆ ಕೆಟ್ಟಿತು. ಹೀಗೇ ಒಂದಷ್ಟು ಸಲ. ಕಣ್ಣ ಮುಂದೆಯೇ ಇತ್ತು, ನಾನು ನೋಡಲಿಲ್ಲ. ನೋಡಲಿಲ್ಲ ಅನ್ನುವುದೂ ಸುಳ್ಳು. ಕಂಡಿತ್ತು, ಆದರೆ ಅದನ್ನು ಒಪ್ಪಿಕೊಂಡರೆ ತಮ್ಮ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಅವನು ಕ್ಯಾಂಪಿನಿಂದ ಟವರ್ ಸಿಗುವ ದಿಬ್ಬಕ್ಕೆ ಹತ್ತಿ ಫೋನ್ ಮಾಡುತ್ತಿದ್ದ.

"ಮರಿ ಎಂಗವೆ?"

"ಚೆನ್ನಾಗವೆ."

"ಏನ್ ಹಾಕ್ದೆ?"

"ಅಂಬ್ಲಿ ಕಣೋ, ಇನ್ನೇನ್ ಹಾಕ್ಲಿ."

ಆಗ ಅದು ಸುಳ್ಳು ಅಂತಲೇ ಅನ್ನಿಸಿರಲಿಲ್ಲ. ಅಂಬಲಿಯನ್ನೂ ಇಡುತ್ತಿದ್ದೆನಲ್ಲ, ಅವು ಕುಡಿಯುತ್ತಿರಲಿಲ್ಲ ಅಷ್ಟೇ.

ನಡುವೆ ಒಂದು ಮಧ್ಯಾಹ್ನ ಅವನು ಬಂದು ಊಟ ಮಾಡಿಕೊಂಡು ಹೋದ. ಕಾಡಿನೊಳಗೆ ನೀರುಗುಂಡಿಯ ಹತ್ತಿರ ಒಂದು ಸೀಳುನಾಯಿ ಸತ್ತು ಬಿದ್ದಿತ್ತಂತೆ, ಸಾಹೇಬರು ಬಂದು ನೋಡಿದ ಮೇಲೆ ಇವರೇ ಸೌದೆ ಒಟ್ಟಿ ಸುಟ್ಟರಂತೆ. ಅದನ್ನು ಹೇಳುತ್ತ ಊಟ ಮಾಡುತ್ತಿದ್ದ. ಜಗಲಿಯಲ್ಲಿ ಬಿಚ್ಚಿಟ್ಟ ಅವನ ಬೂಟಿನ ದಾರವನ್ನು ಕಪ್ಪು ಮರಿ ಕಚ್ಚುತ್ತ ಮಲಗಿತ್ತು. ನಾನು ಅವನ ಕಣ್ಣೆದುರೇ ಮರಿಗೆ ಅಂಬಲಿ ತಂದಿಟ್ಟೆ. ಅದು ಏಳಲಿಲ್ಲ.

"ಯಾಕೆ ಕುಡೀತಿಲ್ಲ ಇದು?"

"ಬಿಸ್ಲು" ಅಂದೆ.

ಅವನು ಹೋದ ಮೇಲೆ ಅದಕ್ಕೆ ಜೋರಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅಲ್ಲಲ್ಲಿ ಹಳದಿ ವಾಂತಿ, ಹಿತ್ತಲ ಬಾಗಿಲ ಹತ್ತಿರ ರಕ್ತ ಬೆರೆತ ಭೇದಿ. ಕೆಂಚು ಮರಿಯೂ ಒಂದು ಸಲ ಕಕ್ಕಿ ಮೂಲೆ ಸೇರಿತ್ತು, ಆದರೆ ಕರೆದರೆ ಬಾಲ ಆಡಿಸುತ್ತಿತ್ತು. ಕಪ್ಪು ಮರಿ ಕರೆದರೆ ಕಣ್ಣು ಮಾತ್ರ ತಿರುಗಿಸಿತು. ಬಾಯಿ ತೆಗೆಸಿ ನೋಡಿದೆ, ಒಸಡು ಬೆಳ್ಳಗೆ. ನೀರು ಹಾಕಿದರೆ ಅದೇ ಕ್ಷಣ ಈಚೆಗೆ. ತಮ್ಮನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಅವನ ಕ್ಯಾಂಪಿನ ಇನ್ನೊಬ್ಬರಿಗೆ ಮಾಡಿ ಹೇಳಿ ಕಳಿಸಿದೆ. ಅವನು ಅರ್ಧ ದಿನ ರಜೆ ಕೇಳಿಕೊಂಡು ಬಂದ. ಇಬ್ಬರೂ ಬೈಕಿನಲ್ಲಿ, ಮರಿಗಳನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡು, ಕೋಟೆಯ ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಗಡಿಬಿಡಿ ಇಲ್ಲದವರು. ಕಪ್ಪು ಮರಿಯ ಚರ್ಮ ಹಿಡಿದೆತ್ತಿ ಬಿಟ್ಟರು. ಅದು ಮಡಿಚಿದ ಹಾಗೇ ನಿಂತಿತು.

"ಲಸಿಕೆ ಆಗಿದೆಯಾ?"

"ಒಂದು ಆಗದೆ ಸಾರ್. ಇನ್ನೊಂದುಕ್ಕೆ ಬರ್ಬೇಕಾಗಿತ್ತು" ಅಂದ ತಮ್ಮ.

"ಏನು ತಿನ್ನಿಸ್ತಿದ್ರಿ? ಹಸಿ ಮಾಂಸ, ಕೋಳಿ ಕರುಳು, ಹಾಳಾಗಿದ್ದು, ಅಂಥದ್ದೇನಾದ್ರೂ?"

ನಾನು ಬಾಯಿ ತೆಗೆಯುವ ಮೊದಲೇ ತಮ್ಮ ಹೇಳಿದ. "ಇಲ್ಲ ಸಾರ್. ನಮ್ಮಕ್ಕ ಅಂಬ್ಲಿ ಬುಟ್ರೆ ಬೇರೆ ಹಾಕಾಕಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ನೋಡ್ಕೊಳ್ಳೋರು ನೀವಲ್ವಾ? ನೀವು ಹೇಳಿ ಅಮ್ಮ."

ನಾನು ತಮ್ಮನ ಮುಖ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಮರಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ನನ್ನ ಮಾತು ಕೇಳಬೇಕಾದ ಅಗತ್ಯವೇ ಇಲ್ಲ ಅನ್ನುವ ಹಾಗೆ.

"ಹೂಂ ಸಾರ್. ಅಂಬ್ಲಿ, ಅನ್ನ" ಅಂದೆ.

"ಸರಿಯಾಗಿ ಜ್ಞಾಪಿಸಿಕೊಳ್ಳಿ. ಹೊರಗೆ ಹೋಗಿ ಏನಾದ್ರೂ ತಿಂದಿರಬಹುದಾ?"

"ಇಲ್ಲ ಸಾರ್. ಬೇಲಿ ದಾಟಾಕಿಲ್ಲ" ಅಂದೆ. ಅದೂ ಸುಳ್ಳೇ.

ಹಾಗಿದ್ದರೆ ವೈರಸ್ ಇರಬೇಕು ಅಂದರು ಡಾಕ್ಟರು. ಎರಡನೇ ಲಸಿಕೆ ಆಗದ ಮರಿಗಳಿಗೆ ಬರುತ್ತದಂತೆ. ಬೇರೆ ನಾಯಿಗಳಿಂದ ಬರುತ್ತದೆ, ನಾಯಿ ಓಡಾಡಿದ ಮಣ್ಣಿನಿಂದ ಬರುತ್ತದೆ, ಮನುಷ್ಯರ ಚಪ್ಪಲಿ ಬೂಟಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ ಅಂದರು. ಗ್ಲೂಕೋಸ್ ಬಾಟಲಿ ಹಾಕಿದರು, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು, ಮಾರನೆಯ ದಿನ ಮತ್ತೆ ಕರೆತರಲು ಹೇಳಿದರು. ಅವರು ಮಾತಾಡುತ್ತಿರುವಾಗ ತಮ್ಮ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. ಒಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ವಾಪಸ್ಸು ಬರುವಾಗ ದಾರಿಯಲ್ಲಿ ಹೇಳಬಹುದಿತ್ತು. ಬೈಕ್ ತಿರುಗಿಸು, ಡಾಕ್ಟರಿಗೆ ಒಂದು ಮಾತು ಹೇಳಬೇಕು ಅನ್ನಬಹುದಿತ್ತು. ಕಪ್ಪು ಮರಿಯ ತಲೆ ನನ್ನ ಮೊಣಕೈ ಸಂದಿಯಲ್ಲಿ ಇತ್ತು, ಅದರ ಉಸಿರು ಸಣ್ಣಗೆ ತಾಗುತ್ತಿತ್ತು. ತಮ್ಮ ಗಾಡಿ ನಿಧಾನ ಮಾಡಿ ಹಿಂದಕ್ಕೆ ಮುಖ ತಿರುಗಿಸಿದ.

"ಆ ಸೀಳುನಾಯಿ ಸುಟ್ಟೋ ಅಂದ್ನಲ್ಲ. ಅದೇ ಬೂಟಲ್ಲಿ ಬಂದಿದ್ದೆ ಕಣಕ್ಕ."

"ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸು" ಅಂದೆ.

ನನ್ನ ಬಾಯಿಂದ ಬಂದಿದ್ದು ಅಷ್ಟೇ.

ಮಾರನೆಯ ದಿನ ಆಸ್ಪತ್ರೆ ಬಾಗಿಲು ತೆಗೆಯುವ ಮೊದಲೇ ಕಪ್ಪು ಮರಿ ಸತ್ತಿತು. ತಮ್ಮ ಅಂದು ಕ್ಯಾಂಪಿಗೆ ಹೋಗದೆ ಉಳಿದಿದ್ದ. ಹೊಲದ ಬದುವಿನಲ್ಲಿ ಗುಂಡಿ ತೋಡಿ ಮುಚ್ಚಿದ. ಆಮೇಲೆ ಅಂಗಳಕ್ಕೆಲ್ಲ ಬ್ಲೀಚಿಂಗ್ ಪೌಡರ್ ಎರಚಿ ಪೊರಕೆ ಹಿಡಿದು ತಿಕ್ಕಿದ, ಮರಿ ಮಲಗುತ್ತಿದ್ದ ಗೋಣಿ ಸುಟ್ಟ, ಬೂಟನ್ನು ನಲ್ಲಿಯ ಕೆಳಗೆ ಇಟ್ಟು ಅಟ್ಟೆಯ ಗೆರೆಗಳಲ್ಲಿ ಕಡ್ಡಿ ಹಾಕಿ ಮಣ್ಣು ತೆಗೆದ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದ. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಕಾಫಿ ಇಟ್ಟೆ, ಉಕ್ಕಿ ಒಲೆಯ ಮೇಲೆ ಹರಿಯಿತು. ಯಜಮಾನರು ಬಾಗಿಲಲ್ಲಿ ನಿಂತು ಅವನನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಅಂದರು:

"ಹೇಳ್ಬುಡೇ. ಪಾಪ."

"ಆಮ್ಯಾಲೆ ಹೇಳ್ತೀನಿ, ನೀವು ಸುಮ್ಕಿರಿ" ಅಂದೆ. ಅಂದಿನಿಂದ ನನಗೆ ಅವರ ಮೇಲೂ ಭಯ. ತಮ್ಮ ಬಂದಾಗ ಅವರಿಬ್ಬರನ್ನೇ ಬಿಟ್ಟು ನೀರಿಗೂ ಹೋಗುತ್ತಿರಲಿಲ್ಲ. ಅವರು ಎಂದಿನಂತೆ ಒಂದು ಮಾತು ಎಸೆದುಬಿಟ್ಟರೆ ಅಂತ ಅವರ ಬಾಯನ್ನೇ ನೋಡುತ್ತ ಕೂರುತ್ತಿದ್ದೆ.

ಕೆಂಚು ಮರಿ ಉಳಿಯಿತು. ಗಂಜಿ, ಬೇಯಿಸಿದ ಅನ್ನ ತಿಂದು ಮೆಲ್ಲಗೆ ಎದ್ದಿತು. ಅದಕ್ಕೆ ಎರಡನೇ ಲಸಿಕೆ ಹಾಕಿಸಲು ನಾನೊಬ್ಬಳೇ ಬಸ್ಸಿನಲ್ಲಿ ಬುಟ್ಟಿಯಲ್ಲಿಟ್ಟುಕೊಂಡು ಹೋದೆ. ಅಂದು ಡಾಕ್ಟರಿಗೆ ನಿಜ ಹೇಳಿದೆ. ಹೊರಗಿನವರಿಗೆ ಹೇಳುವುದು ಸುಲಭ. ಅವರು ಬೈಯಲಿಲ್ಲ. ಹಸಿ ಕೋಳಿಯಲ್ಲಿ, ಅದರಲ್ಲೂ ಕರುಳಿನಲ್ಲಿ, ಕ್ರಿಮಿ ಇರುತ್ತವೆ, ಬಿಸಿಲಿಗೆ ಇನ್ನೂ ಹೆಚ್ಚುತ್ತವೆ, ಮರಿಯ ಹೊಟ್ಟೆ ತಡೆಯುವುದಿಲ್ಲ ಅಂದರು.

"ಅದ್ರಿಂದ್ಲೇ ಸತ್ತಿದ್ದಾ ಸಾರ್?"

"ಈಗ ಹೇಳೋಕಾಗಲ್ಲಮ್ಮ. ವೈರಸ್ ಬಂದ್ರೂ ಹಾಗೇ ಆಗುತ್ತೆ, ಅದನ್ನ ತಿಂದ್ರೂ ಹಾಗೇ ಆಗುತ್ತೆ. ನೀವು ಅವತ್ತು ಹೇಳಿದ್ರೆ ನಾನು ಬೇರೆ ಥರ ಯೋಚನೆ ಮಾಡ್ತಿದ್ದೆ. ಉಳೀತಿತ್ತು ಅಂತಲೂ ಹೇಳಲ್ಲ."

ಅದನ್ನು ಕೇಳಿ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನೇ ಕೊಂದೆ ಅಂತ ಹೇಳಿದ್ದರೆ ಅತ್ತು ಮುಗಿಸಬಹುದಿತ್ತು. ನೀನಲ್ಲ ಅಂದಿದ್ದರೆ ಮಲಗಬಹುದಿತ್ತು. ಎರಡೂ ಇಲ್ಲ. ಅಂಗಡಿಯಲ್ಲಿ ಕೋಳಿ ತೊಳೆಯುವಾಗ ಕೈ ನಿಂತುಬಿಡುತ್ತಿತ್ತು. ಗಿರಾಕಿಗಳು "ಏನವ್ವ, ನಿದ್ದೆ ಬತ್ತಾ?" ಅಂತ ಕೇಳುತ್ತಿದ್ದರು. ಬಕೆಟ್ಟಿನ ಮಾಲನ್ನು ಅಂದಂದೇ ಅಂಗಡಿ ಹಿಂದಿನ ಗುಂಡಿಗೆ ಹಾಕಿ ಮುಚ್ಚತೊಡಗಿದೆ. ಅದರಿಂದೇನೂ ಆಗಲಿಲ್ಲ.

ತಮ್ಮ ಮನೆಗೆ ಬರುವುದು ಕಡಿಮೆ ಮಾಡಿದ. ಬಂದರೂ ಬೇಲಿಯ ಆಚೆಯೇ ಬೂಟು ಬಿಚ್ಚಿ, ಕಾಲು ಕೈ ಸೋಪು ಹಾಕಿ ತೊಳೆದು, ಜಗಲಿಯ ಅಂಚಿನಲ್ಲಿ ಕೂರುತ್ತಿದ್ದ. ಕೆಂಚು ಮರಿ ಹತ್ತಿರ ಹೋದರೆ ಕಾಲು ಮೇಲೆತ್ತಿಕೊಳ್ಳುತ್ತಿದ್ದ. ಮುಟ್ಟುತ್ತಿರಲಿಲ್ಲ. ಊಟ ಮಾಡು ಒಳಗೆ ಬಾ ಅಂದರೆ "ಇಲ್ಲೇ ಕೊಡು ಬುಡು" ಅನ್ನುತ್ತಿದ್ದ.

ಅಷ್ಟರಲ್ಲಿ ಮಗಳು ಬಾಣಂತನಕ್ಕೆ ಬಂದಳು. ಗಂಡು ಮಗು. ಕೂಸನ್ನು ನೋಡಲು ತಮ್ಮ ಬಂದ, ಕೈಯಲ್ಲಿ ಒಂದು ಸಣ್ಣ ಟೋಪಿ ಇತ್ತು. ಮಗಳು ನಡುಮನೆಯಲ್ಲಿ ಕೂತು ಕರೆದಳು.

"ಬಾ ಮಾವ, ಎತ್ಕೊ."

ಅವನು ಹೊಸಿಲ ಆಚೆ ನಿಂತೇ ಇದ್ದ. "ಬ್ಯಾಡ ಕಣವ್ವ. ನಾನು ಕಾಡು ಮೇಡು ಸುತ್ತೋನು. ಇಲ್ಲಿಂದ್ಲೇ ಕಾಣ್ತಾನೆ."

"ಏನ್ ಮಾವ, ನಂಗೆ ಸೈಕಲ್ ಕಲ್ಸಿ ಮೊಣಕಾಲ್ ಒಡ್ಸ್ದಾಗ ಇಲ್ದೇ ಇದ್ದ ಮಡಿ ಈಗ ಬಂತಾ?"

ಅವನು ನಕ್ಕ. ಟೋಪಿಯನ್ನು ಹೊಸಿಲ ಮೇಲೆ ಇಟ್ಟು ಹೊರಟ. ಮಗಳಿಗೆ ಬೇಜಾರಾಯಿತು. ಹುಣಸೂರಿನವರು ಶ್ರೀಮಂತರು ಅಂತ ಮಾವನಿಗೆ ಸಂಕೋಚವೇನೋ ಅಂತ ಏನೇನೋ ಲೆಕ್ಕ ಹಾಕಿದಳು. ನಾನು ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದೆ. ನಾನು ಎತ್ತಿ ಆಡಿಸಿದ ಕೂಸು ಅವನು. ಅವನು ಈ ಕೂಸನ್ನು ಮುಟ್ಟಲು ಹೆದರುತ್ತಿದ್ದ. ಅಂದು ಸಂಜೆಯೇ ಹೇಳುತ್ತೇನೆ ಅಂದುಕೊಂಡೆ. ಹೇಳಲಿಲ್ಲ.

ಆಮೇಲೆ ಕೂಸಿಗೆ ಒಂದೆರಡು ಸಲ ತೆಳ್ಳಗೆ ಆಯಿತು. ಎಳೇ ಮಕ್ಕಳಿಗೆ ಆಗುವುದೇ. ತಮ್ಮ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಮಗಳು ಹೇಳಿಬಿಟ್ಟಳು. ಅಕ್ಕನಿಗೆ ಫೋನ್ ಕೊಡು ಅಂದನಂತೆ.

"ಯಾವಾಗಿಂದ?" ಅಂದ.

"ಏನಿಲ್ಲ ಕಣೋ, ಹಾಲು ಕುಡಿಯೋ ಕೂಸು..."

"ನಾನು ಬಂದೋದ್ಮೇಲಾ?"

"ಲೋ."

"ಹೊಸಿಲ್ವರ್ಗೂ ಬಂದಿದ್ದೆ ಕಣಕ್ಕ. ಟೋಪಿ ಬೇರೆ ಕೈಯಲ್ಲಿ ಹಿಡ್ಕೊಂಡಿದ್ದೆ. ಆ ಟೋಪಿ ಎಸ್ದುಬುಡಿ. ನಾನ್ ಇನ್ ಬರಾಕಿಲ್ಲ, ಕೂಸು ಹುಣಸೂರ್ಗೆ ಹೋಗಗಂಟ."

ನಾಯಿಯ ಆ ರೋಗ ಮನುಷ್ಯರಿಗೆ ಬರುವುದಿಲ್ಲ ಅಂತ ಡಾಕ್ಟರು ಅವನ ಎದುರಿಗೇ ಹೇಳಿದ್ದರು. ಆದರೂ ಅವನ ತಲೆಯಲ್ಲಿ ಅದು ಕೂತಿತ್ತು. ನಾನೇ ಕೂರಿಸಿದ್ದೆ.

"ನಾಳೆ ಬಾ" ಅಂದೆ. "ಕೂಸಿನ್ ವಿಷ್ಯ ಅಲ್ಲ. ಬಾ. ಬರ್ದೇ ಇದ್ರೆ ನಾನೇ ಕಾಡಿನ ಗೇಟಿನ ಹತ್ರ ಬಂದು ಕೂತ್ಕತ್ತೀನಿ, ನಿಮ್ ಸಾಹೇಬ್ರು ನೋಡ್ಲಿ."

ಮಾರನೆಯ ದಿನ ಅಂಗಡಿಗೆ ಹೋಗಲಿಲ್ಲ. ಬೆಳಗಿನಿಂದ ಒಂದು ಕೆಲಸವೂ ಪೂರ್ತಿಯಾಗಲಿಲ್ಲ. ಅಕ್ಕಿ ಆರಿಸಲು ಮೊರ ಹಿಡಿದು, ಬಿಟ್ಟು, ಪಾತ್ರೆ ತೊಳೆಯಲು ಕೂತು, ಅರ್ಧಕ್ಕೆ ಎದ್ದು ರಸ್ತೆ ನೋಡಿ ಬಂದೆ. ಹೇಗೆ ಶುರು ಮಾಡಬೇಕು ಅಂತ ಮಾತು ಜೋಡಿಸಿಕೊಂಡಿದ್ದೆ. ಮುದುಕಪ್ಪ ಹೇಳಿದ್ದು, ಹಂದಿ, ಭಾನುವಾರದ ಗಿರಾಕಿ, ಎಲ್ಲ ಸೇರಿಸಿ ಒಂದು ಕಥೆ. ಬೈಕ್ ನಿಂತ ಶಬ್ದ ಕೇಳಿ ಹೊರಗೆ ಹೋದರೆ ಅವನು ಬೇಲಿಯ ಆಚೆ ಬಗ್ಗಿ ಬೂಟು ಬಿಚ್ಚುತ್ತಿದ್ದ. ಅದನ್ನು ನೋಡಿ ಜೋಡಿಸಿದ್ದೆಲ್ಲ ಹೋಯಿತು.

"ಅದ್ನ ಬಿಚ್ಬ್ಯಾಡ. ಮರೀಗೆ ನಾನು ಹಸಿ ಕರುಳು ಹಾಕ್ತಿದ್ದೆ" ಅಂದೆ.

ಅವನು ಬಗ್ಗಿದ್ದವನು ಹಾಗೇ ತಲೆ ಎತ್ತಿದ.

"ಯಾವ್ ಮರೀಗೆ?"

"ಎರಡ್ಕೂ. ಕಪ್ಪುದು ಜಾಸ್ತಿ ತಿಂತಿತ್ತು. ನೀನ್ ಹೋದ ಒಂದ್ ವಾರ್ದಿಂದ್ಲೂ. ಅಂಬ್ಲಿ ಅಂತ ನಿಂಗೆ ಸುಳ್ಳು ಹೇಳ್ದೆ."

ಅವನು ನಿಂತ. ಬೇಲಿಯ ಗೂಟ ಹಿಡಿದುಕೊಂಡ.

"ಅದ್ರಿಂದ್ಲೇ ಸತ್ತಿದ್ದಾ?"

"ಗೊತ್ತಿಲ್ಲ ಕಣೋ. ಡಾಕ್ಟ್ರನ್ನ ಕೇಳ್ದೆ. ಅವ್ರಿಗೂ ಗೊತ್ತಿಲ್ಲ. ಇರ್ಬೋದು ಅಂತಾರೆ."

"ಡಾಕ್ಟ್ರಿಗೆ ಹೇಳಿದ್ದೀಯ?"

"ಹೂಂ."

"ಯಾವಾಗ?"

"ಕೆಂಚುಗೆ ಸೂಜಿ ಹಾಕ್ಸಕ್ಕೆ ಹೋಗಿದ್ನಲ್ಲ, ಆಗ."

ಅವನ ಮುಖ ಆಗ ಬದಲಾಯಿತು. ಕರುಳು ಹಾಕಿದೆ ಅಂದಾಗ ಅಷ್ಟು ಬದಲಾಗಿರಲಿಲ್ಲ.

"ಆಗ್ಲಿಂದ್ಲೂ ಡಾಕ್ಟ್ರಿಗೆ ಗೊತ್ತು. ಭಾವನ್ಗೆ?"

ನಾನು ಅಂಗಳದ ಕಡೆ ನೋಡಿದೆ.

"ಭಾವನ್ಗೂ ಗೊತ್ತು" ಅಂದ. "ನಾನ್ ಅಲ್ಲಿ ಅಂಗ್ಳ ತಿಕ್ತಿದ್ದಾಗ ಇಬ್ರೂ ನಿಂತ್ಕೊಂಡು ನೋಡ್ತಿದ್ರಿ."

"ಹೂಂ ಕಣೋ."

"ಯಾಕಕ್ಕ?"

ಆಸ್ಪತ್ರೆಯಲ್ಲಿ ಅವನು ನನ್ನ ಪರವಾಗಿ ಮಾತಾಡಿದ್ದನ್ನು ಸುಳ್ಳು ಮಾಡಲು ಆಗಲಿಲ್ಲ ಅಂತ ಹೇಳೋಣ ಅನ್ನಿಸಿತು. ಅದು ನಿಜವೂ ಹೌದು. ಆದರೆ ಹೇಳಿದರೆ ಅದೂ ಅವನ ಮೇಲೇ ಹಾಕಿದ ಹಾಗಾಗುತ್ತಿತ್ತು. ಅದಕ್ಕೆ, "ನಿನ್ ಕಣ್ಣಲ್ಲಿ ಸಣ್ಣೋಳಾಗ್ತೀನಿ ಅಂತ" ಅಂದೆ.

ಅವನು ಬೇಲಿ ದಾಟಿ ಒಳಗೆ ಬಂದ. ನನ್ನನ್ನು ಬಳಸಿಕೊಂಡು ಜಗಲಿ ಹತ್ತಿದ. ಕಂಬಕ್ಕೆ ಒರಗಿ ಕೂತು ಹೊಲದ ಕಡೆ ನೋಡಿದ. ಮುದ್ದೆ ಮಾಡಿದ್ದೆ, ತಟ್ಟೆ ತಂದು ಇಟ್ಟೆ. ಪಕ್ಕಕ್ಕೆ ಸರಿಸಿದ. ನೀರು ಇಟ್ಟೆ. ಅದನ್ನೂ ಮುಟ್ಟಲಿಲ್ಲ. ಆಮೇಲೆ ಹಾಗೇ ಪಕ್ಕಕ್ಕೆ ಜರುಗಿ, ಗೋಡೆಯ ಕಡೆ ಮುಖ ಮಾಡಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟ.

ಸಿಟ್ಟಿಗೆ ಹಾಗೆ ಮಲಗಿದ್ದಾನೆ ಅಂದುಕೊಂಡೆ. ಚಿಕ್ಕವನಿದ್ದಾಗಲೂ ಹಾಗೇ ಮಾಡುತ್ತಿದ್ದ, ಮಾತು ಬಿಟ್ಟು ಗೋಡೆಗೆ ತಿರುಗಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಗೊರಕೆ. ನಿಜವಾದ ನಿದ್ದೆ. ಬಾಯಿ ತೆರೆದಿತ್ತು. ಒಳಗೆ ಕೂಸು ಅತ್ತಿತು, ಏಳಲಿಲ್ಲ. ಮಗಳು ಬಂದು "ಮಾವ ಯಾವಾಗ್ ಬಂದ್ರು? ಊಟ ಮಾಡಿದ್ರಾ?" ಅಂತ ಕೇಳಿದಳು. ತಟ್ಟೆ ನೋಡಿ ನನ್ನ ಮುಖ ನೋಡಿದಳು. ಅವಳಿಗೂ ಹೇಳಿದೆ. ಆಮೇಲೆ ಯಜಮಾನರು ಮಧ್ಯಾಹ್ನದ ಊಟಕ್ಕೆ ಬಂದು, ಅವನನ್ನು ದಾಟಿಕೊಂಡು ಒಳಗೆ ಹೋಗಿ, "ಹೇಳ್ದಾ?" ಅಂದರು. ಹೂಂ ಅಂದೆ. ಅವರು ತಿಂದು ಎದ್ದರು.

ನಾನು ಮಾತ್ರ ಕೂರಲಿಲ್ಲ. ಅವನ ಮುಖಕ್ಕೆ ಬಿಸಿಲು ಬರುತ್ತದೆ ಅಂತ ಹಳೇ ಸೀರೆ ಕಟ್ಟಿದೆ. ನೊಣ ಓಡಿಸಿದೆ. ಎಬ್ಬಿಸಲೇ ಅಂತ ಹತ್ತಿರ ಹೋಗಿ ಹಿಂದಕ್ಕೆ ಬಂದೆ. ಎದ್ದರೆ ಏನು ಹೇಳುತ್ತಾನೋ ಅಂತ ಭಯ, ಏಳದಿದ್ದರೆ ಅದೂ ಭಯ. ಎಷ್ಟು ದಿನದ ನಿದ್ದೆ ಅದು ಅಂತ ಯೋಚಿಸಲು ಹೋಗಿ, ಆ ಯೋಚನೆಯನ್ನು ಅರ್ಧಕ್ಕೇ ಬಿಟ್ಟೆ. ತಣ್ಣಗಾದ ಮುದ್ದೆ ತೆಗೆದು, ಬೇರೆ ಹಿಟ್ಟು ಹಾಕಿ ಮತ್ತೆ ಎಸರಿಟ್ಟೆ.

ಕಂದಕದ ಕಡೆ ನೆರಳು ಉದ್ದವಾಗುವ ಹೊತ್ತಿಗೆ ಎದ್ದ. ಎಲ್ಲಿದ್ದೇನೆ ಅಂತ ತಿಳಿಯದವನ ಹಾಗೆ ಸುತ್ತ ನೋಡಿದ. ನಾನು ಬಿಸಿ ಮುದ್ದೆ ತಂದಿಟ್ಟೆ. ಈ ಸಲ ತಟ್ಟೆ ಎಳೆದುಕೊಂಡು ತಿಂದ. ನನ್ನ ಮುಖ ನೋಡಲಿಲ್ಲ, ಬೇಕಾ ಬೇಡವಾ ಅನ್ನುವುದಕ್ಕೂ ಬಾಯಿ ತೆರೆಯದೆ ಕೈ ಅಡ್ಡ ಮಾಡಿದ. ತಿಂದು ಮುಗಿಸಿ ಕೈ ತೊಳೆದು ಬೈಕ್ ಹತ್ತಿರ ಹೋದ.

"ಯಾವಾಗ್ ಬತ್ತೀಯ?" ಅಂದೆ.

"ನೋಡಾಣ" ಅಂದ.

ಬೈಕ್ ಕಾಣದಾಗುವವರೆಗೂ ನಿಂತಿದ್ದೆ. ಆಮೇಲೆ ಅವನು ಬರದೇ ಏನೂ ಇಲ್ಲ. ಬರುತ್ತಾನೆ, ಕೂಸನ್ನು ಎತ್ತಿಕೊಳ್ಳುತ್ತಾನೆ, ಮಗಳ ಹತ್ತಿರ, ಭಾವನ ಹತ್ತಿರ ಮಾತಾಡುತ್ತಾನೆ. ನನ್ನ ಹತ್ತಿರವೂ ಆಡುತ್ತಾನೆ, ಆದರೆ ನಾನು ಹೇಳಿದ್ದಕ್ಕೆ ಒಂದು ಕ್ಷಣ ತಡೆದು ಹೂಂ ಅನ್ನುತ್ತಾನೆ. ಮೊದಲು ಆ ತಡ ಇರಲಿಲ್ಲ. ಅದು ಯಾವತ್ತು ಹೋಗುತ್ತದೋ ಅಂತ ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತೇನೆ.